ಕಂಚಿನ ಹೆಂಗಸಿನ ಊಟದ ಬಿಡುವು

ಪ್ರತಿಮೆಗಳಿಗೂ ಊಟದ ಬಿಡುವು ಕೊಡಬೇಕೆಂಬ ಕಾನೂನು ಬಂದ ಮೇಲೆ, ಆ ಹೊತ್ತಿಗೆ ಪೀಠದ ಮುಂದೆ ಸಿಕ್ಕವರು ಹತ್ತಿ ನಿಲ್ಲಲೇಬೇಕಿತ್ತು. ಗಂಡ ವಾಮನಮೂರ್ತಿಯವರ ಜೊತೆ ಬಿಷ್ಕೆಕ್ ನಗರವನ್ನು ನಡೆದೇ ನೋಡುತ್ತಿದ್ದ ಮೈಸೂರಿನ ಪಂಕಜಾಕ್ಷಿಗೆ ಅಂದು ಆ ಸರದಿ ಬಂತು. ಸೋವಿಯತ್ ಕಾಲದ ಚೌಕವೊಂದರಲ್ಲಿ ಗೋಧಿ ಕೊಯ್ಯುವ ಕಂಚಿನ ಹೆಂಗಸು ಪೀಠದಿಂದ ಇಳಿದು, ಅವಳ ಕೈಗೆ ಕುಡುಗೋಲು ಕೊಟ್ಟಳು. ಪ್ರತಿಮೆಗಳಿಗೆ ಎಲ್ಲರ ಭಾಷೆಯೂ ಬರುತ್ತಿತ್ತು.

“ಸ್ವಲ್ಪ ಹಿಡ್ಕೊಂಡಿರಮ್ಮ, ಎರಡು ತುತ್ತು ತಿಂದು ಬರ್ತೀನಿ.”

ವಾಮನಮೂರ್ತಿ ಸಿಡುಕಿದರು. “ಹಾರುವ ತಟ್ಟೆ ಥರದ ಸರ್ಕಸ್ ಕಟ್ಟಡ ಇನ್ನೂ ನೋಡಿಲ್ಲ ಕಣೇ! ನನ್ನ ನೀರೆಲ್ಲಿ? ಮಾತ್ರೆ ಎಲ್ಲಿ?”

ಪಂಕಜಾಕ್ಷಿ ಆಗಲೇ ಪೀಠ ಹತ್ತಿ ನಿಂತಿದ್ದಳು. ಬಿಡುವು ಮುಗಿಯುವ ತನಕ ಪೀಠದ ಮೇಲಿದ್ದವರು ಮಾತಾಡಕೂಡದೆಂಬುದೂ ಕಾನೂನೇ. ತಣ್ಣನೆ ಗಾಳಿ ಬೀಸಿತು. ಊರಾಚೆಯ ಹಿಮದ ಬೆಟ್ಟಗಳು ಕಂಡವು. ಬೆಳಗಿನಿಂದ ಅವಳು ಕಂಡಿದ್ದು ಮುಂದೆ ಮುಂದೆ ಓಡುವ ಗಂಡನ ಬೆನ್ನನ್ನಷ್ಟೇ. ಯಾರೋ ಅವಳ ಕಾಲ ಬಳಿ ಹೂವಿಟ್ಟು, ಕೈಮುಗಿದು ಹೋದರು.

ಕಂಚಿನವಳು ಬಾಯೊರೆಸಿಕೊಳ್ಳುತ್ತ ಬಂದಳು. “ಆಯ್ತು, ಇಳಿಯಮ್ಮ.”

ಈಗ ಮಾತಾಡಬಹುದಿತ್ತು. ಪಂಕಜಾಕ್ಷಿ ಕುಡುಗೋಲನ್ನು ಇನ್ನಷ್ಟು ಎತ್ತಿ ಹಿಡಿದಳು.

“ಇವರಿಗೆ ಆ ಸರ್ಕಸ್ ನೀನೇ ತೋರಿಸ್ಕೊಂಡು ಬಾಮ್ಮ,” ಎಂದು ಹೆಗಲ ಚೀಲವನ್ನು ಕೆಳಗೆ ಇಳಿಬಿಟ್ಟಳು. “ಮಾತ್ರೆ ಇದರಲ್ಲಿದೆ.”