ಟೊಳ್ಳು ತ್ರಿಕೋನ

ಹೇಳಬಾರದ್ದನ್ನು ಸೊಲಾಂಜ್ ಹೇಳಿಬಿಟ್ಟಳು. ಅದೂ ಭಾನುವಾರ ಮಧ್ಯಾಹ್ನ, ಆಲೂಗಡ್ಡೆ ಸುಲಿಯುತ್ತ, ತಲೆ ಕೂಡ ಎತ್ತದೆ.

"ಹೊಸ ಗಡಿಯಾರದ ಹೊರ ಉಂಗುರ ಇದೆಯಲ್ಲ, ಅದರ ನೆತ್ತಿ ಮೇಲಿರೋ ತ್ರಿಕೋನ ತುಂಬಿರಲ್ಲ. ಬರೀ ಗೆರೆ, ಒಳಗೆ ಟೊಳ್ಳು. ಇಷ್ಟೇ. ಇನ್ನು ನನ್ನ ಪ್ರಾಣ ತಿನ್ನಬೇಡ."

ಬೆನುವಾ ಕೈಯಲ್ಲಿದ್ದ ವೈನ್ ಲೋಟ ಮೇಜಿನ ಮೇಲಿಟ್ಟ. ಐದು ತಿಂಗಳು ಹೆಂಡತಿಯನ್ನು ಗೋಗರೆದಿದ್ದ, ಮುನಿಸಿಕೊಂಡಿದ್ದ, ಎರಡು ದಿನ ಮಾತೂ ಬಿಟ್ಟಿದ್ದ. ಅವಳು ತುಟಿ ಬಿಚ್ಚಿರಲಿಲ್ಲ. ಇವತ್ತು ಯಾವ ದೇವರು ಮನಸ್ಸು ಕರಗಿಸಿದನೋ ಎಂದುಕೊಂಡ.

ಕಣಿವೆಯೊಳಗಿನ ಜೂ ಸರೋವರದ ದಂಡೆಯ ಆ ಊರಿನಲ್ಲಿ ಅರ್ಧ ಜನ ಗಡಿಯಾರ ಮಾಡುತ್ತಾರೆ, ಉಳಿದರ್ಧ ಗಡಿಯಾರದ ಮಾತಾಡುತ್ತಾರೆ. ಅಂಚೆ ಕಚೇರಿಯ ಬೆನುವಾ ಎರಡನೇ ಪಂಗಡದವನು. ಸೊಲಾಂಜ್ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದ ಕಂಪನಿ ವಸಂತದಲ್ಲಿ ಮುಳುಗುಗಾರರು ಕಟ್ಟುವ ಹೊಸ ಕೈಗಡಿಯಾರ ಬಿಡುಗಡೆ ಮಾಡುವುದಿತ್ತು. ಒಂದು ಕಾರಿನ ಬೆಲೆ. ಮುನ್ನೂರು ಮೀಟರ್ ಆಳದಲ್ಲೂ ನೀರು ಒಳಗಿಳಿಯದು. ಅದರ ಮುಖ ಹಸಿರೋ ನೀಲಿಯೋ, ತಾರೀಖಿನ ಕಿಟಕಿ ಉಂಟೋ ಇಲ್ಲವೋ ಎಂದು ಅಂತರ್ಜಾಲದ ಕೂಟವೊಂದರಲ್ಲಿ ನಾಲ್ಕು ಸಾವಿರ ಮಂದಿ ಹಗಲೆಲ್ಲ ಕಚ್ಚಾಡುತ್ತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಮೊಣಕಾಲುದ್ದದ ನೀರಿಗೂ ಇಳಿದವರಲ್ಲ, ಅದು ಬೇರೆ ಮಾತು.

ಕಳೆದ ಸಲದ ಗಡಿಯಾರದ ಬಗ್ಗೆ ಬೆನುವಾ ಅಲ್ಲಿ ಹೇಳಿದ್ದೆಲ್ಲ ಸುಳ್ಳಾಗಿತ್ತು. ಅಂದಿನಿಂದ ಕೂಟದಲ್ಲಿ ಅವನಿಗೆ 'ಕುರುಡು ಜೋಯಿಸ' ಎಂದೇ ಹೆಸರು. ಐವತ್ತು ದಾಟಿದ ಗಂಡಸು, ಆ ಎರಡು ಪದಕ್ಕೆ ಊಟ ಬಿಟ್ಟು ಮಲಗಿದ್ದುಂಟು.

ಹೊಸ ಗಡಿಯಾರದ ನಕ್ಷೆ ಇದ್ದದ್ದು ಏಳೇ ಜನರ ಬಳಿ. ಮುಖಫಲಕದ ವಿಭಾಗ ನೋಡಿಕೊಳ್ಳುವ ಸೊಲಾಂಜ್ ಅವರಲ್ಲೊಬ್ಬಳು. ಪಕ್ಕದ ಮುಳ್ಳುಗಳ ವಿಭಾಗದ ಕೊರಾಲಿ ಇನ್ನೊಬ್ಬಳು. ಬೆನುವಾ ಕೊರಾಲಿಯನ್ನೂ ಕೇಳಿ ನೋಡಿದ್ದ. ಅವಳು ನಕ್ಕು ಅಂಗೈಯಿಂದ ಅವನ ಬಾಯಿ ಮುಚ್ಚಿದ್ದಳು. ಬೇರೆ ಏನು ಬೇಕಾದರೂ ಕೇಳು, ಇದೊಂದು ಬಿಟ್ಟು ಅಂದಿದ್ದಳು. ಕೆಲಸದ ವಿಷಯದಲ್ಲಿ ಆಕೆ ಬಲು ಕಟ್ಟುನಿಟ್ಟು.

ಭಾನುವಾರ ಸಂಜೆಯೇ ಬೆನುವಾ ಟೊಳ್ಳು ತ್ರಿಕೋನದ ಚಿತ್ರ ಬರೆದು, ಎಂದಿನಂತೆ ಸುಳ್ಳು ಹೆಸರಿನಲ್ಲಿ, ಕೂಟಕ್ಕೆ ಹಾಕಿದ. ಬರೀ ಊಹೆ ಎಂದಿದ್ದರೆ ಸಾಕಿತ್ತು. ಆದರೆ 'ನಕ್ಷೆ ಕಂಡವರ ಬಾಯಿಂದಲೇ ಬಂದದ್ದು' ಎಂದು ಕೊಚ್ಚಿಕೊಂಡ. ಚಟ ಅಂದರೆ ಹಾಗೇ.

ಸೋಮವಾರವೆಲ್ಲ ಹೊಗಳಿಕೆಯ ಸುರಿಮಳೆ. ಮಂಗಳವಾರ ಬೆಳಿಗ್ಗೆ ಕೂಟ ನಡೆಸುವವರಿಗೆ ಕಂಪನಿಯ ವಕೀಲರ ಪತ್ರ ಬಂತು, ಚಿತ್ರ ಕಾಣೆಯಾಯಿತು. ಮಧ್ಯಾಹ್ನ ಸೊಲಾಂಜ್ ಫೋನ್ ಮಾಡಿ, ಏಳು ಜನರನ್ನೂ ಒಬ್ಬೊಬ್ಬರಾಗಿ ಮೇಲಿನ ಮಹಡಿಗೆ ಕರೆಯುತ್ತಿದ್ದಾರೆ ಎಂದಳು. ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಬೆನುವಾ ಫೋನ್ ಹಿಡಿದೇ ಕುರ್ಚಿಯಲ್ಲಿ ಕೂತ. ಗುಟ್ಟು ಬಿಟ್ಟವಳು ಎಂಬ ಹೆಸರು ಬಂದರೆ ಆ ಕಣಿವೆಯಲ್ಲಿ ಕಸ ಗುಡಿಸಲಿಕ್ಕೂ ಯಾರೂ ಒಳಗೆ ಬಿಡುವುದಿಲ್ಲ. ನಾಲ್ಕು ಸಾವಿರ ಅಪರಿಚಿತರ ಶಹಬ್ಬಾಸ್‌ಗಿರಿಗೆ ಹೆಂಡತಿಯ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೋಗಿ ಅವರ ಕಾಲಿಗೆ ಬೀಳೋಣ, ತಪ್ಪು ನನ್ನದು ಅನ್ನೋಣ ಎಂದು ಎರಡು ಸಲ ಎದ್ದ. ಎರಡು ಸಲವೂ ಕೂತ. ಧೈರ್ಯ ಬೇಕಲ್ಲ.

ಆರು ಗಂಟೆಗೆ ಸೊಲಾಂಜ್ ಬಂದಳು. ಬೂಟು ಕಳಚಿದಳು, ಒಲೆ ಹಚ್ಚಿದಳು, ಸಾಸೇಜು ಹೆಚ್ಚತೊಡಗಿದಳು.

"ಏನಾಯ್ತು?" ಬೆನುವಾ ಕೇಳಿದ.

"ಸಿಕ್ಕಿಬಿದ್ರು."

ಕಂಪನಿಯವರು ಕೊಟ್ಟ ಏಳು ನಕ್ಷೆಗಳೂ ಒಂದೇ ಥರ ಇರಲಿಲ್ಲವಂತೆ. ಒಂದೊಂದರಲ್ಲೂ ಬೇರೆ ಬೇರೆ ಒಂದು ಸಣ್ಣ ತಪ್ಪು, ಬೇಕೆಂದೇ ಇಟ್ಟದ್ದು. ಯಾವ ತಪ್ಪು ಹೊರಗೆ ಬಂತೋ ಆ ನಕ್ಷೆಯವರೇ ಕಳ್ಳರು.

ಬೆನುವಾ ಅವಳ ಕೈ ಹಿಡಿದುಕೊಂಡ. "ನನ್ನಿಂದ ನಿನ್ನ ಕೆಲಸ ಹೋಯ್ತಲ್ಲೇ..."

"ನನ್ನದ್ಯಾಕೆ ಹೋಗುತ್ತೆ? ನನ್ನ ನಕ್ಷೆಯಲ್ಲಿ ತ್ರಿಕೋನ ತುಂಬಿತ್ತು. ಟೊಳ್ಳಿದ್ದದ್ದು ಕೊರಾಲಿಯದರಲ್ಲಿ ಮಾತ್ರ. ಹೋದ ವಾರ ಅವಳ ಮೇಜಿಗೆ ಹೋದಾಗ ಕಣ್ಣಿಗೆ ಬಿತ್ತು. ಯಾಕೆ ಬೇರೆ ಅಂತ ಆಗಲೇ ಹೊಳೀತು."

ಸೊಲಾಂಜ್ ಕೈ ಬಿಡಿಸಿಕೊಂಡು ಹೆಚ್ಚುವುದನ್ನು ಮುಂದುವರಿಸಿದಳು. ಕೊರಾಲಿ ಅತ್ತಳಂತೆ, ತಾಯಿಯ ಮೇಲೆ ಆಣೆ ಇಟ್ಟಳಂತೆ. ಯಾರೂ ನಂಬಲಿಲ್ಲ. ಇಬ್ಬರು ಕಾವಲುಗಾರರು ಅವಳನ್ನು ಗೇಟಿನವರೆಗೆ ನಡೆಸಿಕೊಂಡು ಹೋದರು, ಕೋಟು ಹಾಕಿಕೊಳ್ಳಲೂ ಬಿಡದೆ. ಇದನ್ನೆಲ್ಲ ಸೊಲಾಂಜ್ ಸಾಸೇಜಿನ ಚೂರುಗಳನ್ನು ಬಾಣಲೆಗೆ ಹಾಕುತ್ತ ಹೇಳಿದಳು.

ಮಧ್ಯಾಹ್ನ ಎರಡು ಸಲ ಎದ್ದು ಕೂತಿದ್ದ ಬೆನುವಾ ಈಗ ಎದ್ದೇಬಿಟ್ಟ. ಗೂಟಕ್ಕೆ ತೂಗಿದ್ದ ಕೋಟಿಗೆ ಕೈ ಹಾಕಿದ.

"ಅವಳು ಒಂದಕ್ಷರ ಹೇಳಿಲ್ಲ. ಪಾಪದವಳು. ನಾನು ಹೋಗಿ ಇರೋದನ್ನ ಇದ್ದ ಹಾಗೆ ಹೇಳ್ತೀನಿ."

"ಹೋಗು," ಎಂದಳು ಸೊಲಾಂಜ್, ಬಾಣಲೆಯಿಂದ ಕಣ್ಣು ತೆಗೆಯದೆ. "ಕೊರಾಲಿ ನಿನಗೆ ಏನಾಗಬೇಕು ಅಂತ ಕೇಳ್ತಾರೆ. ಎರಡು ವರ್ಷದಿಂದ ಅವಳ ಜೊತೆ ಮಲಗ್ತಿದ್ದೀನಿ ಅನ್ನು. ಗುಟ್ಟು ಹೇಳಿದ್ದು ಅವಳೋ ನಾನೋ ಅಂತ ಆಮೇಲೆ ಅವರೇ ತೀರ್ಮಾನ ಮಾಡ್ಲಿ."