ಹಮ್ಮಿಗಿಯ ವರನ ಪರೀಕ್ಷೆ

ಶೈಲಾ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದಾಗ ಅನ್ನಪೂರ್ಣವ್ವ ಥಟ್ಟನೆ ಮಗನತ್ತ ನೋಡಿದಳು. ಹುಡುಗಿ ನೋಡಲು ಹಮ್ಮಿಗಿಯಿಂದ ಲಕ್ಷ್ಮೇಶ್ವರಕ್ಕೆ ಬಂದರೆ, ಇಲ್ಲಿ ಹುಡುಗಿಯೇ ಮಗ ಕೊಟ್ರೇಶನನ್ನು ಪರೀಕ್ಷಿಸುತ್ತಿದ್ದಾಳೆ! ಯಾರೋ ಚಾಡಿ ಹೇಳಿರಬೇಕು.

ಕೊಟ್ರೇಶ ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾದದ್ದು ಹೋದ ಬೇಸಿಗೆಯಲ್ಲಿ. ಹೊಲಿಗೆಯ ಗುರುತನ್ನು ಈಗ ಕೂದಲು ಮುಚ್ಚಿದೆ. ಬುದ್ಧಿ ನೆಟ್ಟಗಿದೆ, ಉತ್ತರ ಮಾತ್ರ ನಿಧಾನ, ಬಹಳ ನಿಧಾನ. ಅಷ್ಟಕ್ಕೇ ಎರಡು ಸಂಬಂಧ ಮುರಿದಿದ್ದವು. ಇದೂ ತಪ್ಪಿದರೆ ಮಗ ಒಂಟಿಯಾಗಿಯೇ ಉಳಿಯುತ್ತಾನೆಂಬ ಭಯ ತಾಯಿಗೆ. ಅದಕ್ಕೇ ಈ ಸಲ ಪೆಟ್ಟಿನ ಸುದ್ದಿಯನ್ನೇ ಎತ್ತಿರಲಿಲ್ಲ.

“ನಿಮ್ಮ ಮನಿಯಿಂದ ಹೊಳಿ ಎಷ್ಟು ದೂರ ಐತ್ರಿ?”

ಕೊಟ್ರೇಶ ಯೋಚಿಸಿದ. ಇನ್ನೂ ಯೋಚಿಸಿದ. ಶೈಲಾ ಅವಸರ ಮಾಡದೆ ಕಾದಳು.

“ಹಿತ್ತಲ ಬಾಗಲಾ ತಗದ್ರ ಹೊಳಿನ ಕಾಣ್ತೈತ್ರಿ.”

ಮೊದಲ ಸಲ ಹೇಳಿದ್ದೂ ಇದೇ ಮಾತು. ಶೈಲಾ ಮೊದಲ ಸಲದಷ್ಟೇ ಖುಷಿಯಿಂದ ನಕ್ಕಳು. ಭಾರಿ ಚಾಲಾಕಿ ಹುಡುಗಿ! ಆದರೂ ತಲೆ ಮೇಲಿನ ಸೆರಗು ಜಾರದಂತೆ ಪಿನ್ನು ಹಾಕಿಕೊಂಡದ್ದು ಅನ್ನಪೂರ್ಣವ್ವನಿಗೆ ಹಿಡಿಸಿತು.

ಕುಡಿದ ಕಪ್ಪು ಇನ್ನೂ ಕೈಯಲ್ಲಿರುವಾಗಲೇ ಹುಡುಗಿ ಮತ್ತೆ ಚಹಾ ತಂದಳು. ಇದು ಇನ್ನೊಂದು ಗಾಳ. ಕೊಟ್ರೇಶ ಚಕಾರವೆತ್ತದೆ ಅದನ್ನೂ ಕುಡಿದ. ಹುಡುಗಿಯ ಅಪ್ಪ ಅಂದಪ್ಪ ಫ್ಯಾನಿನ ಕೆಳಗೇ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ.

“ನಮಗ ಒಪ್ಪಿಗಿ ಐತ್ರಿ,” ಎಂದು ಅವನು ಗಡಿಬಿಡಿಯಿಂದ ಎದ್ದ. “ನೀವೂ ಜಲ್ದಿ ಖಬರ ಕೊಡ್ರಿ.”

ಅನ್ನಪೂರ್ಣವ್ವ ಹುಡುಗಿಗೆ ಹೂವು ಮುಡಿಸಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು ಕಾರು ಹತ್ತಿದಳು. ಇಷ್ಟು ಸಣ್ಣ ಮೋಸಕ್ಕೆ ಪಾಪ ತಗಲುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೊಟ್ರೇಶ ಇನ್ನೂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಒಳಗಿನಿಂದ ಶೈಲಾಳ ದನಿ ಕೇಳಿಸಿತು.

“ಅಪ್ಪಾ, ನನ್ನ ನೋಡಾಕ ಗಂಡಿನ ಕಡಿಯವರು ಎಷ್ಟೊತ್ತಿಗಿ ಬರ್ತಾರ?”

ಅಂದಪ್ಪ ಬಾಗಿಲತ್ತ ತಿರುಗಿದ. ವರ ಅಲ್ಲೇ ನಿಂತಿದ್ದ.

“ತಮ್ಮಾ, ಮಾಳಿಗಿಯಿಂದ ಬಿದ್ದು ತಲಿಗೆ ಪೆಟ್ಟಾದಾಗಿಂದ ಆಕಿ...” ಅವನು ಕೈ ಮುಗಿದ.

ಕೊಟ್ರೇಶ ಎಂದಿನಂತೆ ನಿಧಾನವಾಗಿ ಯೋಚಿಸಿದ. ಚಪ್ಪಲಿ ಬಿಟ್ಟ. ಒಳಗೆ ಬಂದು ಶೈಲಾಳ ಎದುರು ಕುಳಿತ.

“ಈಗಷ್ಟ ಬಂದೀನ್ರಿ,” ಎಂದ.