ಕರಿಬೇವಿನ ಬುಡದ ಕುಣಿ

ರಾಜಾನ ಹೊಟ್ಟೆಯ ಮೇಲೆ ಅಂಗೈಯಗಲ ಕೂದಲು ಕಿತ್ತುಹೋಗಿತ್ತು. ಶೈಲಜಾಗೆ ಅನುಮಾನ ಉಳಿಯಲಿಲ್ಲ. ಇದು ಅತ್ತೆಯದೇ ಕೆಲಸ.

ಮೊಲ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬಸುರಿ ಹೆಂಡತಿಯ ಬೇಸರ ಕಳೆಯಲಿ ಎಂದು ಗವಿಸಿದ್ದೇಶ ಗಂಗಾವತಿಯ ಸಂತೆಯಲ್ಲಿ ಕೊಂಡಿದ್ದ. ಒಂದೇ ಪಂಜರದಲ್ಲಿ ಹತ್ತು ಮೊಲ ತುರುಕಿಕೊಂಡು ಕೂತಿದ್ದವನು ಒಂದರ ಕಿವಿ ಹಿಡಿದೆತ್ತಿ, "ಗಂಡು ಐತ್ರಿ, ಯಾವ ರಗಳೀನೂ ಇಲ್ಲ" ಎಂದಿದ್ದ. ಅದಕ್ಕೇ ರಾಜಾ ಎಂದು ಹೆಸರು.

ರಗಳೆ ಮೂರನೇ ದಿನವೇ ಶುರುವಾಯಿತು. ಮಲ್ಲಿಗೆ ಬುಡದಲ್ಲಿ ಒಂದು ಕುಣಿ, ಬದನೆ ಸಾಲಿನಲ್ಲಿ ಎರಡು. ಅತ್ತೆ ಶಂಕ್ರಮ್ಮ ಖಾರದ ಪುಡಿ ಉದುರಿಸಿದಳು. ಮೊಲ ಸೀನಿತು, ಪಕ್ಕದಲ್ಲಿ ತೋಡಿತು. ಜಾಲಿಮುಳ್ಳು ಹಾಸಿದಳು. ಅದರ ಆಚೆ ತೋಡಿತು. ಶೈಲಜಾ ಬುಟ್ಟಿಯಲ್ಲಿ ಮರಳು ತುಂಬಿಟ್ಟು, ಇದರಲ್ಲಿ ತೋಡಪ್ಪಾ ಎಂದು ಗೋಗರೆದಳು. ಅದರಲ್ಲಿ ಉಚ್ಚೆ ಹೊಯ್ದು ಬಂತು. ಈ ವಾರ ಮಾತ್ರ ಬೇರೆಲ್ಲ ಬಿಟ್ಟು ಕರಿಬೇವಿನ ಬುಡಕ್ಕೇ ಗಂಟುಬಿದ್ದಿತ್ತು. ಬಾಯಲ್ಲಿ ಒಣಹುಲ್ಲು ಕಚ್ಚಿಕೊಂಡು ಒಳಗಿಳಿಯುತ್ತಿತ್ತು. ಕುಣಿ ಮೊಳ ಉದ್ದವಾಗಿತ್ತು.

"ಸೋಮವಾರ ಕುಬಸ ಐತಿ," ಶಂಕ್ರಮ್ಮ ಗುರುವಾರವೇ ಎಚ್ಚರಿಸಿದ್ದಳು. "ಐವತ್ತು ಮಂದಿ ಹೆಣ್ಮಕ್ಕಳು ಉಡಿ ತುಂಬಾಕ ಬರ್ತಾರ. ಯಾರದಾರ ಕಾಲು ಮುರದ್ರ ನಿನ್ನ ರಾಜಾ ಪಟ್ಟಿ ಕಟ್ಟತಾನೇನು?"

ಮನೆಯ ಮುಂದೆಯೇ ರಸ್ತೆ. ಸೀಮಂತದ ಹಂದರಕ್ಕೆ ಹಿತ್ತಲೊಂದೇ ಜಾಗ.

"ನಾ ಮುಚ್ಚತೀನಿ ಬಿಡವ್ವ." ಗವಿಸಿದ್ದೇಶ ಸಲಿಕೆ ಎತ್ತಿದ.

"ಇಡು ಕೆಳಗ! ಹೇಂತಿ ಬಸುರಿದ್ದಾಗ ಗಂಡ ಕುಣಿ ಮುಟ್ಟಬಾರದು. ಆಕೀನೂ ಮುಟ್ಟಬಾರದು. ತೋಡೂದೂ ಇಲ್ಲ, ಮುಚ್ಚೂದೂ ಇಲ್ಲ."

"ಇದ್ಯಾವ ಕಾಲದ ಮಾತ್ರಿ, ಅತ್ತಿ?" ಶೈಲಜಾ ನಕ್ಕಳು.

"ನಕ್ಕೋ. ನಾ ಮುಚ್ಚಿ ಮುಚ್ಚಿ ಸಾಕಾಗೇತಿ. ಸೋಮವಾರ ಅಲ್ಲಿ ಕುಣಿ ಕಂಡ್ರ ಮೊಲ ದೇವೇಂದ್ರನ ಕೈಯಾಗ."

ದೇವೇಂದ್ರಪ್ಪ ಶಂಕ್ರಮ್ಮನ ತಮ್ಮ. ಹುಲಿಹೈದರದಲ್ಲಿ ಮೊಲ ಸಾಕುತ್ತಿದ್ದ. ಸಾಕುತ್ತಿದ್ದುದು ಸಾರು ಮಾಡಲಿಕ್ಕೆ.

ಆ ಮನೆಯಲ್ಲಿ ಶೈಲಜಾ ನನ್ನದು ಎನ್ನಬಹುದಾಗಿದ್ದು ಅದೊಂದೇ ಜೀವ. ಕುಬಸ ಮುಗಿಸಿ ಹೆರಿಗೆಗೆ ತವರಿಗೆ ಹೋಗುವಾಗ ಜೊತೆಗೊಯ್ಯುವ ಲೆಕ್ಕ ಹಾಕಿದ್ದಳು. ಇನ್ನು ಎರಡೇ ದಿನ ಕಾಯಬೇಕಿತ್ತು. ಅಷ್ಟರಲ್ಲಿ ಈ ಶನಿವಾರ ಬೆಳಿಗ್ಗೆ ಕಿತ್ತ ಕೂದಲು.

ಅತ್ತೆ ಹಸಿರು ಬಳೆ ತರಲು ಬಜಾರಕ್ಕೆ ಹೋಗಿದ್ದಳು. ಶೈಲಜಾ ಕರಿಬೇವಿನ ಬುಡಕ್ಕೆ ಹೋಗಿ ನೋಡಿದಳು. ಕುಣಿಯ ಬಾಯಿಗೆ ಯಾರೋ ಸಡಿಲ ಮಣ್ಣು ಸರಿಸಿದ್ದರು. ಗವಿಸಿದ್ದೇಶ ಕಾರ್ಖಾನೆಗೆ ಹೋಗುವ ಮುಂಚೆ, ಅವ್ವನ ಕಣ್ಣು ತಪ್ಪಿಸಿ, ತನಗಾಗಿ ಮಾಡಿದ ಅರೆಬರೆ ಕೆಲಸ ಎಂದುಕೊಂಡಳು.

ಉಳಿದದ್ದನ್ನು ಅವಳು ಮಾಡಿದಳು. ಬಚ್ಚಲು ದುರಸ್ತಿಯಲ್ಲಿ ಮಿಕ್ಕ ಸಿಮೆಂಟು ಮೂಲೆಯಲ್ಲಿತ್ತು. ಏಳು ತಿಂಗಳ ಹೊಟ್ಟೆ ಹೊತ್ತು, ಬೋಗುಣಿಯಲ್ಲಿ ಜಲ್ಲಿ ತಂದು ಕುಣಿಯ ಬಾಯಿಗೆ ಸುರಿದಳು. ಸಿಮೆಂಟು ಕಲಸಿ ಹೊಯ್ದಳು. ಮೇಲೆ ಮಣ್ಣು ಹರಡಿದಳು. ಮೊಲ ಕಾಲಿಗೆ ಅಡ್ಡಬಂತು, ನೈಟಿಯ ಅಂಚು ಕಚ್ಚಿ ಎಳೆಯಿತು.

"ಸುಮ್ನಿರೋ. ನಿನ್ನ ಜೀವಾ ಉಳಸಾಕ ಹತ್ತೀನಿ."

ಶಂಕ್ರಮ್ಮ ಬಂದವಳೇ ನೆಲ ನೋಡಿದಳು. "ಕುಣಿ ಯಾರು ಮುಚ್ಚಿದ್ರು?"

"ಮೊಲನ ಮುಚ್ಚೇತ್ರಿ, ಅತ್ತಿ."

ಶಂಕ್ರಮ್ಮ ಹೊಟ್ಟೆ ಹಿಡಿದು ನಕ್ಕಳು. ಓಣಿಯವರಿಗೆಲ್ಲ ಹೇಳಿಕೊಂಡು ಮತ್ತೆ ನಕ್ಕಳು.

ಮೊಲ ಆ ಜಾಗ ಬಿಟ್ಟು ಕದಲಲಿಲ್ಲ. ಸಿಮೆಂಟು ಕಾಣುವ ತನಕ ಕೆರೆಯಿತು, ಕಂಡ ಮೇಲೂ ಕೆರೆಯಿತು. ಉಗುರಿನಲ್ಲಿ ರಕ್ತ. ಕೊತ್ತಂಬರಿ ಮುಟ್ಟಲಿಲ್ಲ. ಶೈಲಜಾ ಎರಡು ಸಲ ಮಣ್ಣು ಹಾಕಿದಳು. ಕೊನೆಗೆ ಕುಬಸದ ಮಣೆಯನ್ನೇ ತಂದು ಅದರ ಮೇಲಿಟ್ಟು, ಹಂದರ ಹಾಕುವವರಿಗೆ ಇಲ್ಲೇ ಕೂಡ್ತೀನಿ, ಗಾಳಿ ಛಲೋ ಐತಿ ಎಂದಳು.

"ಹಟ ನೋಡು ಅದರದು," ಎಂದಳು ಶಂಕ್ರಮ್ಮ. "ಖರೇನ ಗಂಡಸು."

ಸೋಮವಾರ ಶೈಲಜಾ ಹಸಿರು ಸೀರೆಯುಟ್ಟು, ಕೈತುಂಬ ಬಳೆಯಿಟ್ಟು ಮಣೆಯ ಮೇಲೆ ಕೂತಳು. ಐದು ಮಂದಿ ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬಿದರು. ಮಣೆಯ ಅಂಚಿನಲ್ಲಿ ಕೆರೆಯುವ ಸದ್ದು ನಿಲ್ಲಲಿಲ್ಲ.

"ಇದನೇನಕ್ಕ, ನನಗ ಕೊಡ್ತೀನಿ ಅಂದಿದ್ದು?" ದೇವೇಂದ್ರಪ್ಪ ಬಗ್ಗಿ ಮೊಲವನ್ನು ಎತ್ತಿದ.

"ಬ್ಯಾಡೋ, ಬಿಡು. ಕುಣಿ ಮುಚ್ಚೈತಿ. ಆಕಿ ಜೀವಾ ಇಟ್ಟಾಳ ಅದರ ಮ್ಯಾಲ. ತವರಿಗೆ ಒಯ್ಯಲಿ." ಶಂಕ್ರಮ್ಮ ಸೊಸೆಯ ತಲೆ ಸವರಿದಳು.

ದೇವೇಂದ್ರಪ್ಪ ಮೊಲವನ್ನು ಅಂಗಾತ ತಿರುಗಿಸಿದ. ಹೊಟ್ಟೆಯ ಮೇಲೆ ಬೆರಳಾಡಿಸುತ್ತ ಕೈ ನಿಲ್ಲಿಸಿದ.

"ಗಂಡು ಅಂತ ಯಾವ ಸುಳ್ಳ ಹೇಳಿದ ನಿಮಗ? ಇದು ಹಡೆದು ಎರಡು ಮೂರು ದಿನ ಆಗೇತಿ. ಮೊಲಿಯಾಗ ಹಾಲು ಕಟ್ಟೇತಿ ನೋಡ್ರಿ. ಹೊಟ್ಟಿ ಕೂದಲಾ ತಾನ ಕಿತ್ತು ಮರಿಗೆ ಹಾಸತೈತಿ. ಕುಣಿ ಬಾಯಿಗೆ ತಾನ ಮಣ್ಣು ಸರಿಸಿ ಮುಚ್ಚತೈತಿ, ನಾಯಿ ಬೆಕ್ಕು ಕಾಣಬಾರದಂತ. ದಿನಕ್ಕೊಮ್ಮಿ ತಗದು ಹಾಲು ಕುಡಸತೈತಿ."

"ಅಯ್ಯ, ಖರೇನ ಅಂದಿದ್ಲಲ್ಲೋ ಇಕಿ, ಮೊಲನ ಮುಚ್ಚೇತಿ ಅಂತ!" ಶಂಕ್ರಮ್ಮನ ಮುಖವರಳಿತು. "ಕುಬಸದ ದಿನ ಮನ್ಯಾಗ ಮರಿ! ಏಳವ್ವಾ ಶೈಲಜಾ, ಮಣಿ ಸರಸು, ನೋಡೂಣು."

ತುಂಬಿದ ಉಡಿ ಹಿಡಿದು ಕೂತ ಶೈಲಜಾ ಏಳಲಿಲ್ಲ.